ಗಿಳಿಹಸಿರು ಗೋಡೆಯೂ ಮನೆಯ ಬೆಳಕೂ

ಮನೆಯ ಗೋಡೆಗೆ ಹಚ್ಚುವ ಬಣ್ಣಗಳಲ್ಲಿ ಹಳದಿಗೂ ಹಸಿರಿಗೂ ನಡುವೆ ನಿಂತು ಎರಡರ ಹೊಳಪನ್ನೂ ಪಡೆದ ವರ್ಣವೊಂದಿದೆ; ಆಡುಮಾತಿನಲ್ಲಿ ಅದು ಗಿಳಿಹಸಿರು ಅಥವಾ ಎಳೆಹಸಿರು, ಬಣ್ಣದಂಗಡಿಯ ಶೇಡ್ ಕಾರ್ಡಿನಲ್ಲಿ ಲೈಮ್ ಗ್ರೀನ್, ಪ್ಯಾರಟ್ ಗ್ರೀನ್ ಮುಂತಾಗಿ ಅದಕ್ಕೆ ಹಲವು ಹೆಸರು. ಬಾನುಲಿಯಲ್ಲಿ ಬಣ್ಣವನ್ನು ತೋರಿಸಲು ಬಾರದ ಕಾರಣ, ನಾಟಿಗೆ ಸಿದ್ಧವಾದ ಭತ್ತದ ಸಸಿಮಡಿ ಬೆಳಗಿನ ಬಿಸಿಲಿನಲ್ಲಿ ಕಾಣುವ ಬಗೆಯನ್ನೋ, ಯುಗಾದಿಯ ಸುಮಾರಿಗೆ ಹೊಂಗೆಯ ಮರ ಹಳೆಯ ಎಲೆಯನ್ನು ಉದುರಿಸಿ ತೊಡುವ ಹೊಸ ಎಲೆಯನ್ನೋ ಕೇಳುಗರು ಮನಸ್ಸಿಗೆ ತಂದುಕೊಂಡರೆ ಇಲ್ಲಿ ಚರ್ಚಿಸುತ್ತಿರುವ ಬಣ್ಣ ಯಾವುದೆಂಬುದು ಸ್ಪಷ್ಟವಾದೀತು. ಈ ಬಣ್ಣದ ವಿಷಯದಲ್ಲಿ ನಡುವಣ ಅಭಿಪ್ರಾಯ ಅಪರೂಪ. ಮೆಚ್ಚಿದವರು ಪಡಸಾಲೆಯಿಂದ ಹಿತ್ತಿಲ ಗೋಡೆಯವರೆಗೆ ಅದನ್ನೇ ಬಳಿಸುತ್ತಾರೆ. ಮೆಚ್ಚದವರು ಅದು ಕಣ್ಣಿಗೆ ಚುಚ್ಚುತ್ತದೆಂದು ಹೇಳಿ ಕೆನೆಬಣ್ಣಕ್ಕೋ ಬೂದುಬಿಳಿಗೋ ಮರಳುತ್ತಾರೆ. ಇಬ್ಬರೂ ಬಣ್ಣವನ್ನು ಡಬ್ಬಿಯೊಳಗಿನ ಸ್ಥಿರವಾದ ವಸ್ತುವೆಂದು ಭಾವಿಸಿರುತ್ತಾರೆ, ಅದರ ಮೇಲೆ ಬೀಳುವ ಬೆಳಕನ್ನು ಗಣನೆಗೆ ತಂದಿರುವುದಿಲ್ಲ. ಗಿಳಿಹಸಿರು ಬೆಳಕಿಗೆ ಬಹಳವಾಗಿ ಅಧೀನವಾದ ಬಣ್ಣ. ಬಿಸಿಲು ತುಂಬಿದ ಕೋಣೆಗಿಂತ ಬೆಳಕಿನ ಬಡತನವಿರುವ ಕೋಣೆಯೇ ಅದಕ್ಕೆ ಹೆಚ್ಚು ಸಲ್ಲುವ ಸ್ಥಳವೆಂಬುದನ್ನು ಇಲ್ಲಿ ಕಾರಣಸಹಿತವಾಗಿ ನಿರೂಪಿಸಲಾಗುವುದು.

ಕಾರಣವನ್ನು ಮೊದಲು ಕಣ್ಣಿನಲ್ಲಿಯೇ ಹುಡುಕಬೇಕು. ಕಣ್ಣಿನ ಒಳಪರದೆಯಾದ ಅಕ್ಷಿಪಟಲದಲ್ಲಿ ಹಗಲಿನ ಬಣ್ಣಗಳನ್ನು ಗ್ರಹಿಸುವ ಶಂಕುಕೋಶಗಳು ಮೂರು ಬಗೆಯವಾಗಿದ್ದು, ಒಂದು ಬಗೆ ನೀಲಿಯ ಕಡೆಯ ಹ್ರಸ್ವ ತರಂಗಗಳಿಗೂ ಮತ್ತೊಂದು ಮಧ್ಯಮ ತರಂಗಗಳಿಗೂ ಮೂರನೆಯದು ದೀರ್ಘ ತರಂಗಗಳಿಗೂ ಹೆಚ್ಚಾಗಿ ಸ್ಪಂದಿಸುತ್ತವೆ. ಮಧ್ಯಮ ಮತ್ತು ದೀರ್ಘ ತರಂಗಗಳ ಕೋಶಗಳ ವ್ಯಾಪ್ತಿ ಬಹುಮಟ್ಟಿಗೆ ಒಂದರ ಮೇಲೊಂದು ಹಾಸಿಕೊಂಡಿರುವುದರಿಂದ ಅವೆರಡೂ ಒಟ್ಟಿಗೆ ಬಲವಾಗಿ ಉದ್ದೀಪನಗೊಳ್ಳುವ ಬೆಳಕು ಕಣ್ಣಿಗೆ ಅತ್ಯಂತ ಪ್ರಕಾಶಮಾನವಾಗಿ ತೋರುತ್ತದೆ. ಆ ಬೆಳಕಿನ ತರಂಗಾಂತರ ಸುಮಾರು 555 ನ್ಯಾನೋಮೀಟರ್. ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಈ ತರಂಗಾಂತರದ ಬೆಳಕಿನ ಬಣ್ಣ ಹಳದಿಮಿಶ್ರಿತ ಹಸಿರು. ಕಣ್ಣಿನ ಈ ಸಂವೇದನೆಯ ರೇಖೆಯನ್ನು ಅಂತಾರಾಷ್ಟ್ರೀಯ ಪ್ರಕಾಶ ಆಯೋಗ 1924ರಲ್ಲಿ ಪ್ರಮಾಣವಾಗಿ ಅಂಗೀಕರಿಸಿತು; 1979ರಲ್ಲಿ ಪ್ರಕಾಶ ತೀವ್ರತೆಯ ಏಕಮಾನವಾದ ಕ್ಯಾಂಡೆಲಾವನ್ನು ಹೊಸದಾಗಿ ವ್ಯಾಖ್ಯಾನಿಸುವಾಗ ವಿಜ್ಞಾನಿಗಳು ಆಧಾರವಾಗಿ ಆರಿಸಿಕೊಂಡದ್ದು ಸೆಕೆಂಡಿಗೆ 540 ಲಕ್ಷ ಕೋಟಿ ಬಾರಿ ಕಂಪಿಸುವ ಬೆಳಕನ್ನು, ಎಂದರೆ ಇದೇ ಹಳದಿಹಸಿರನ್ನು. ಲೋಕದ ಎಲ್ಲ ದೀಪಗಳ ಪ್ರಕಾಶವನ್ನು ಅಳೆಯುವ ಮಾನದಂಡ ಈ ಬಣ್ಣದ ಮೇಲೆ ನಿಂತಿದೆಯೆಂಬುದು ಅದನ್ನು ಅಗ್ಗದ ಬಣ್ಣವೆಂದು ತಳ್ಳಿಹಾಕುವ ಮುನ್ನ ನೆನೆಯತಕ್ಕ ಸಂಗತಿ.

ಟೆನಿಸ್ ಚೆಂಡು ಬಿಳಿಯಿಂದ ಹಳದಿಗೆ ಬದಲಾದುದೂ ಇದೇ ತರ್ಕದಿಂದ. ದೂರದರ್ಶನದ ಪರದೆಯ ಮೇಲೆ ಸ್ಪಷ್ಟವಾಗಿ ಕಾಣಬೇಕೆಂದು 1972ರಲ್ಲಿ ಅಂತಾರಾಷ್ಟ್ರೀಯ ನಿಯಮಗಳು ಹಳದಿ ಚೆಂಡಿಗೆ ಒಪ್ಪಿಗೆಯಿತ್ತವು, ವಿಂಬಲ್ಡನ್ ಮಾತ್ರ 1986ರವರೆಗೆ ಕಾಯ್ದು ಆಮೇಲೆ ಬದಲಾಯಿಸಿತು. ಹೆದ್ದಾರಿಯಲ್ಲಿ ಕೆಲಸ ಮಾಡುವವರು ತೊಡುವ ಹೊಳೆಯುವ ಮೇಲಂಗಿಯ ಬಣ್ಣವೂ ಈ ಕುಟುಂಬಕ್ಕೆ ಸೇರಿದ್ದು. ಆದರೆ ಮೈದಾನದಲ್ಲಿ ಚೆಂಡು ಕಣ್ಣಿಗೆ ಬೀಳಬೇಕಾದ ಅಗತ್ಯ ಬೇರೆ, ದಿನವಿಡೀ ಬಾಳುವ ಮನೆಯ ಗೋಡೆಯ ಅಗತ್ಯ ಬೇರೆ. ಚೆಂಡು ನೋಟದ ಕ್ಷೇತ್ರದಲ್ಲಿ ಒಂದು ಚುಕ್ಕೆಯಷ್ಟು ಮಾತ್ರ. ಗೋಡೆ ಇಡೀ ಕ್ಷೇತ್ರವನ್ನೇ ತುಂಬುತ್ತದೆ. ಇಷ್ಟು ಬೇಗ ಗಮನ ಸೆಳೆಯುವ ಬಣ್ಣ ನಾಲ್ಕು ಕಡೆಯಿಂದಲೂ ಸುತ್ತುವರಿದರೆ ಕಣ್ಣಿಗೆ ವಿಶ್ರಾಂತಿ ಸಿಗುವ ಜಾಗ ಉಳಿಯುವುದಿಲ್ಲ. ಈ ಬಣ್ಣವನ್ನು ದೂರುವವರ ಮಾತಿನಲ್ಲಿರುವ ನಿಜ ಇಷ್ಟು.

ಇನ್ನೊಂದು ಗುಣ ಇದಕ್ಕಿಂತ ಮುಖ್ಯವಾದುದು. ಅಮೆರಿಕದ ಚಿತ್ರಕಲಾ ಶಿಕ್ಷಕ ಆಲ್ಬರ್ಟ್ ಮನ್ಸೆಲ್ 1905ರಲ್ಲಿ ಪ್ರಕಟಿಸಿದ ವರ್ಣವ್ಯವಸ್ಥೆಯಲ್ಲಿ ಪ್ರತಿಯೊಂದು ಬಣ್ಣಕ್ಕೂ ಮೂರು ಅಳತೆಗಳಿವೆ: ಕೆಂಪೋ ಹಸಿರೋ ಎಂದು ಹೇಳುವ ವರ್ಣ, ಕಪ್ಪಿನಿಂದ ಬಿಳಿಯ ಕಡೆಗೆ ಅದು ಎಷ್ಟು ಮೇಲಿದೆಯೆಂದು ಹೇಳುವ ತಿಳಿವು, ಬೂದುಬಣ್ಣದಿಂದ ಎಷ್ಟು ದೂರವಿದೆಯೆಂದು ಹೇಳುವ ತೀವ್ರತೆ. ಕೆಂಪು, ನೀಲಿ, ನೇರಳೆ ಬಣ್ಣಗಳು ತೀವ್ರವಾಗಬೇಕಾದರೆ ತಿಳಿವನ್ನು ಕಳೆದುಕೊಳ್ಳಬೇಕು, ತಿಳಿಯಾಗಬೇಕಾದರೆ ತೀವ್ರತೆಯನ್ನು ಬಿಡಬೇಕು. ತಿಳಿನೀಲಿಯೆಂಬುದು ಬಹುಪಾಲು ಬಿಳಿಯೇ. ಹಳದಿ ಮತ್ತು ಅದರ ಪಕ್ಕದ ಹಳದಿಹಸಿರುಗಳು ಮಾತ್ರ ತಿಳಿವು ಹೆಚ್ಚಾಗಿರುವ ಎತ್ತರದಲ್ಲಿಯೇ ತಮ್ಮ ಪೂರ್ಣ ತೀವ್ರತೆಯನ್ನು ತಲುಪುತ್ತವೆ. ಎಂದರೆ ಗಿಳಿಹಸಿರು ಗೋಡೆ ಬಿದ್ದ ಬೆಳಕಿನ ದೊಡ್ಡ ಪಾಲನ್ನು ಕೋಣೆಗೆ ಹಿಂದಿರುಗಿಸುತ್ತಲೇ ತಾನು ಬಣ್ಣವಾಗಿಯೂ ಉಳಿಯಬಲ್ಲದು.

ಇದರ ಪರಿಣಾಮ ಮಬ್ಬುಗತ್ತಲ ಕೋಣೆಯಲ್ಲಿ ತಿಳಿಯುತ್ತದೆ. ಬೆಳಕು ಕಡಿಮೆಯಾದಂತೆ ಬಣ್ಣಗಳ ತೀವ್ರತೆಯೂ ಕಣ್ಣಿಗೆ ಕುಗ್ಗಿ ತೋರುತ್ತದೆಂಬುದನ್ನು ಬ್ರಿಟನ್ನಿನ ವರ್ಣವಿಜ್ಞಾನಿ ಹಂಟ್ 1952ರಲ್ಲಿ ವಿವರಿಸಿದನು. ಅದನ್ನು ಹಂಟ್ ಪರಿಣಾಮವೆಂದೇ ಕರೆಯುತ್ತಾರೆ. ಕತ್ತಲ ಕೋಣೆಗೆ ತಿಳಿ ಬಣ್ಣ ಹಚ್ಚಬೇಕೆಂಬ ರೂಢಿಯ ಸಲಹೆಯಂತೆ ಅಲ್ಲಿ ಕೆನೆಬಣ್ಣವನ್ನೋ ಬಲು ತಿಳಿಯಾದ ನೀಲಿಯನ್ನೋ ಬಳಿದಾಗ ಗೋಡೆ ಕೊಳೆಯಾದ ಬೂದುಬಣ್ಣಕ್ಕೆ ತಿರುಗಿದಂತೆ ಕಾಣುವುದಕ್ಕೆ ಇದೇ ಕಾರಣ. ಬೆಳಕನ್ನು ಹಿಂದಿರುಗಿಸುವ ಶಕ್ತಿಯೂ ಬೇಕು, ಕುಗ್ಗಿದ ಮೇಲೂ ಉಳಿಯುವಷ್ಟು ತೀವ್ರತೆಯೂ ಬೇಕು ಎನ್ನುವ ಸ್ಥಳದಲ್ಲಿ ಹಳದಿಹಸಿರಿಗೆ ಸಮನಾದ ಬಣ್ಣಗಳು ಕೆಲವೇ. ಇದರ ಜೊತೆಗೆ, ಮುಸ್ಸಂಜೆಯಲ್ಲಿ ಕಣ್ಣಿನ ಕೆಲಸ ಶಂಕುಕೋಶಗಳಿಂದ ದಂಡಕೋಶಗಳಿಗೆ ಜಾರುವಾಗ ಸಂವೇದನೆಯ ಶಿಖರ 507 ನ್ಯಾನೋಮೀಟರಿನ ಸುಮಾರಿಗೆ, ಹಸಿರಿನ ಕಡೆಗೆ ಸರಿಯುತ್ತದೆ. ಚೆಕ್ ಶರೀರವಿಜ್ಞಾನಿ ಯಾನ್ ಪುರ್ಕಿನ್ಯೆ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಗಮನಿಸಿದ ಈ ವಿದ್ಯಮಾನದಿಂದಾಗಿ ಸಂಜೆ ಕೆಂಪು ದಾಸವಾಳ ಮೊದಲು ಕಪ್ಪಾಗಿ ಅದರ ಎಲೆಗಳು ಇನ್ನೂ ಸ್ವಲ್ಪ ಹೊತ್ತು ಬೆಳ್ಳಗೆ ತೋರುತ್ತವೆ. ದೀಪ ಹಚ್ಚುವ ಮುನ್ನಿನ ಆ ಹೊತ್ತಿನಲ್ಲಿ ಹಸಿರು ಗೋಡೆ ಕೆಂಪು ಗೋಡೆಗಿಂತ ತಡವಾಗಿ ಕತ್ತಲಾಗುತ್ತದೆ.

ಕರ್ನಾಟಕದ ಹಳೆಯ ಮನೆಗಳಲ್ಲಿ ಹಸಿರು ಸುಣ್ಣದ ಬಳಕೆ ವ್ಯಾಪಕವಾಗಿದ್ದುದನ್ನು ಈ ಬೆಳಕಿನಲ್ಲಿ ನೋಡಬೇಕು. ದಪ್ಪ ಮಣ್ಣಿನ ಗೋಡೆ, ಚಿಕ್ಕ ಕಿಟಕಿ, ತಗ್ಗಾದ ಬಾಗಿಲು, ಒಳಗೆ ತಂಪು ಮತ್ತು ಅರೆಗತ್ತಲು. ಅಂಥ ನಡುಮನೆಯಲ್ಲಿ ಹಬ್ಬಕ್ಕೆ ಮುಂಚೆ ಬಳಿಯುತ್ತಿದ್ದ ಸುಣ್ಣಕ್ಕೆ ಹಸಿರು ಅಥವಾ ನೀಲಿ ಪುಡಿಯನ್ನು ಕಲಸುತ್ತಿದ್ದುದು ಕೇವಲ ಚೆಲುವಿಗಾಗಿ ಎಂದು ಭಾವಿಸಲಾಗದು. ಅದನ್ನು ಹಳ್ಳಿಗಾಡಿನ ರುಚಿಯೆಂದು ಕೀಳಾಗಿ ಕಂಡ ಪಟ್ಟಣದ ಅಭಿರುಚಿ ಆ ಕೋಣೆಗಳಲ್ಲಿ ಕುಳಿತು ನೋಡಲಿಲ್ಲ. ಸುಣ್ಣವೆಂದರೆ ರಾಸಾಯನಿಕವಾಗಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್; ಗೋಡೆಗೆ ಬಿದ್ದ ಮೇಲೆ ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಕ್ಯಾಲ್ಸಿಯಂ ಕಾರ್ಬೊನೇಟಾಗಿ ಗಟ್ಟಿಯಾಗುತ್ತದೆ, ಅದರ ಸೂಕ್ಷ್ಮ ಹರಳುಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುತ್ತವೆ, ಹೀಗಾಗಿ ಸುಣ್ಣದ ಗೋಡೆ ಹೊಳೆಯದೆ ಬೆಳಗುತ್ತದೆ. ಅದರೊಳಗೆ ಸೇರಿದ ಪುಡಿ ಎಷ್ಟೇ ಗಾಢವಾಗಿದ್ದರೂ ಸುಣ್ಣದ ಬಿಳುಪು ಅದನ್ನು ಹದಕ್ಕೆ ತರುತ್ತಿತ್ತು. ವರ್ಷಕ್ಕೊಮ್ಮೆ ಬಳಿಯುವುದರಿಂದ ಬಣ್ಣ ಮಾಸುವ ಮುನ್ನವೇ ಹೊಸದಾಗುತ್ತಿತ್ತು.

ಆದರೆ ಸುಣ್ಣದಲ್ಲಿ ನಿಜವಾದ ಉಜ್ವಲ ಹಳದಿಹಸಿರನ್ನು ಪಡೆಯುವುದು ಕಷ್ಟವಾಗಿತ್ತು. ಸುಣ್ಣದ ನೀರು ತೀವ್ರವಾದ ಕ್ಷಾರ. ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುತ್ತದೆಂಬುದು ಓಕುಳಿಯ ನೀರನ್ನೂ ಆರತಿಯ ತಟ್ಟೆಯನ್ನೂ ಸಿದ್ಧಪಡಿಸುವ ಎಲ್ಲರಿಗೂ ಗೊತ್ತು. ಅರಿಶಿನದ ಕರ್ಕ್ಯುಮಿನ್ ಎಂಬ ವರ್ಣದ್ರವ್ಯ ಕ್ಷಾರದಲ್ಲಿ ರೂಪ ಬದಲಿಸುವುದೇ ಅದಕ್ಕೆ ಕಾರಣ, ಆದ್ದರಿಂದ ಸುಲಭವಾಗಿ ದೊರೆಯುವ ಹಳದಿ ಗೋಡೆಯ ಹಸಿರಿಗೆ ಒದಗಲಿಲ್ಲ. ಪ್ರಷ್ಯನ್ ನೀಲಿಯೂ ಸುಣ್ಣದಲ್ಲಿ ನಿಲ್ಲದೆ ಕಂದಾಗುತ್ತದೆ. ನಿಂತದ್ದು ಹಳದಿ ಕಾವಿಮಣ್ಣು, ಬಟ್ಟೆಗೆ ಹಾಕುವ ನೀಲಿ, ಕ್ರೋಮಿಯಂ ಆಕ್ಸೈಡಿನ ಮಂಕು ಹಸಿರು. ಅಜಂತದ ಭಿತ್ತಿಚಿತ್ರಗಳಲ್ಲಿಯೂ ಹಸಿರು ಬಂದದ್ದು ಹಸಿರು ಮಣ್ಣಿನಿಂದ, ಅದು ಶಾಂತವಾದ ಬಣ್ಣವೇ ಹೊರತು ಗಿಳಿಯ ರೆಕ್ಕೆಯ ಹೊಳಪಿನದಲ್ಲ.

ಆ ಹೊಳಪು ಬೇಕೆಂದವರು ಹರಿತಾಳದ ಮೊರೆಹೋಗಬೇಕಾಗಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರಕಲೆಯ ಭಾಗವೊಂದಿದ್ದು, ಗೋಡೆಯನ್ನು ನುಣುಪುಗೊಳಿಸುವುದು, ಎಮ್ಮೆಯ ಚರ್ಮವನ್ನು ಕುದಿಸಿ ವಜ್ರಲೇಪವೆಂಬ ಅಂಟನ್ನು ತಯಾರಿಸುವುದು, ಬಣ್ಣಗಳನ್ನು ಸಿದ್ಧಪಡಿಸುವುದು ಇವನ್ನೆಲ್ಲ ಅದು ಕ್ರಮವಾಗಿ ಹೇಳುತ್ತದೆ, ಅಲ್ಲಿನ ಹಳದಿ ದ್ರವ್ಯ ಹರಿತಾಳ. ಹರಿತಾಳಕ್ಕೆ ನೀಲಿಯನ್ನು ಬೆರೆಸಿ ಉಜ್ವಲವಾದ ಹಸಿರನ್ನು ಪಡೆಯುವ ಕ್ರಮ ಭಾರತೀಯ ಚಿತ್ರಕಾರರಿಗೆ ಬಹುಕಾಲದಿಂದ ತಿಳಿದಿತ್ತು. ಹರಿತಾಳವೆಂದರೆ ಆರ್ಸೆನಿಕ್ ಮತ್ತು ಗಂಧಕದ ಸಂಯುಕ್ತ, ಎಂದರೆ ವಿಷ. ಅಂಗೈಯಗಲದ ಚಿತ್ರಕ್ಕೆ ಅದು ಸರಿ. ಮಕ್ಕಳು ಒರಗಿ ಕೂರುವ ಗೋಡೆಗೆ ಅಲ್ಲ.

ಯುರೋಪು ಈ ವಿವೇಕವನ್ನು ಬಹಳ ದುಬಾರಿಯಾಗಿ ಕಲಿತುಕೊಂಡಿತು. ಸ್ವೀಡನ್ನಿನ ರಸಾಯನವಿಜ್ಞಾನಿ ಕಾರ್ಲ್ ವಿಲ್ಹೆಲ್ಮ್ ಶೀಲೆ 1775ರಲ್ಲಿ ತಾಮ್ರ ಮತ್ತು ಆರ್ಸೆನಿಕ್‌ಗಳಿಂದ ಒಂದು ಹಳದಿಹಸಿರು ದ್ರವ್ಯವನ್ನು ತಯಾರಿಸಿದನು. 1814ರಲ್ಲಿ ಜರ್ಮನಿಯ ಶ್ವೈನ್‌ಫರ್ಟಿನಲ್ಲಿ ಅದಕ್ಕಿಂತಲೂ ಹೊಳಪಾದ ಮತ್ತೊಂದು ಆರ್ಸೆನಿಕ್ ಹಸಿರು ಮಾರುಕಟ್ಟೆಗೆ ಬಂದಿತು. ಅಗ್ಗವಾಗಿ, ಕಣ್ಣು ಸೆಳೆಯುವಂತಿದ್ದ ಈ ಹಸಿರುಗಳು ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನಲ್ಲಿ ಗೋಡೆಗೆ ಅಂಟಿಸುವ ಚಿತ್ತಾರದ ಕಾಗದಗಳಿಗೆ, ಬಟ್ಟೆಗೆ, ಕೃತಕ ಹೂಗಳಿಗೆ, ಆಟಿಕೆಗಳಿಗೆ ಹಬ್ಬಿದವು. ಕಾಗದದಿಂದ ಉದುರಿದ ಧೂಳು ಮನೆಯವರ ಉಸಿರಿಗೆ ಸೇರುತ್ತಿತ್ತು. ತೇವದ ಗೋಡೆಯಲ್ಲಿ ಬೂಷ್ಟು ಬೆಳೆದಾಗ ಬೆಳ್ಳುಳ್ಳಿಯಂಥ ವಾಸನೆ ಬರುತ್ತಿತ್ತು. ಆ ವಾಸನೆಗೆ ಕಾರಣ ಬೂಷ್ಟೇ ಬಿಡುಗಡೆಮಾಡುವ ಆರ್ಸೆನಿಕ್ ಅನಿಲವೆಂಬುದನ್ನು ಇಟಲಿಯ ವೈದ್ಯ ಬಾರ್ತೊಲೊಮಿಯೊ ಗೋಸಿಯೊ 1890ರ ದಶಕದ ಆರಂಭದಲ್ಲಿ ಪ್ರಯೋಗದಿಂದ ತೋರಿಸಿದನು, ಅದು ಯಾವ ಅನಿಲವೆಂಬುದನ್ನು ಬ್ರಿಟನ್ನಿನ ರಸಾಯನವಿಜ್ಞಾನಿ ಫ್ರೆಡರಿಕ್ ಚಾಲೆಂಜರ್ 1930ರ ದಶಕದಲ್ಲಿ ನಿರ್ಧರಿಸಿದನು. ಗೃಹಾಲಂಕಾರದಲ್ಲಿ ಕರಕುಶಲತೆಯ ಘನತೆಯನ್ನು ಎತ್ತಿಹಿಡಿದ ವಿಲಿಯಂ ಮಾರಿಸ್‌ನ ಆರಂಭದ ಗೋಡೆಕಾಗದಗಳಲ್ಲಿಯೂ ಆರ್ಸೆನಿಕ್ ಹಸಿರು ಇತ್ತೆಂಬುದು, ಆರ್ಸೆನಿಕ್ ತೆಗೆಯುವ ಡೆವನ್ ಪ್ರಾಂತದ ಗಣಿಯೊಂದರ ನಿರ್ದೇಶಕರಲ್ಲಿ ಅವನೂ ಒಬ್ಬನಾಗಿದ್ದನೆಂಬುದು ಕಲೆಯ ಇತಿಹಾಸದ ನೋವಿನ ಅಧ್ಯಾಯ. ಎಲೆಯ ಚಿತ್ತಾರಗಳನ್ನು ಅಷ್ಟು ಪ್ರೀತಿಯಿಂದ ಬರೆದ ಕೈಗೆ ಎಲೆಯ ಬಣ್ಣ ದೊರೆತದ್ದು ವಿಷದ ಮೂಲದಿಂದ.

ಇಪ್ಪತ್ತನೆಯ ಶತಮಾನದಲ್ಲಿ ಈ ಸ್ಥಿತಿ ಬದಲಾಯಿತು. 1910ರ ಸುಮಾರಿಗೆ ಜರ್ಮನಿಯಲ್ಲಿ ಹನ್ಸಾ ಹಳದಿಯೆಂಬ ಸಾವಯವ ವರ್ಣದ್ರವ್ಯ, 1930ರ ದಶಕದಲ್ಲಿ ಥ್ಯಾಲೊಸಯನಿನ್ ಹಸಿರು ಬಂದವು. ಟೈಟಾನಿಯಂ ಬಿಳಿ ಸೀಸದ ಬಿಳಿಯ ಜಾಗವನ್ನು ಆಕ್ರಮಿಸಿತು. ಇಂದು ಅಂಗಡಿಯ ಯಂತ್ರ ಡಬ್ಬಿಯೊಳಕ್ಕೆ ತೊಟ್ಟಿಕ್ಕಿಸುವ ಗಿಳಿಹಸಿರು ಬಹುಮಟ್ಟಿಗೆ ಇಂಥ ಹಳದಿ ಹಸಿರುಗಳ ಮಿಶ್ರಣವೇ. ಆದರೆ ನಡುವಿನ ಕಾಲದಲ್ಲಿ ಬಾಗಿಲು, ಕಿಟಕಿ, ಸರಳುಗಳಿಗೆ ಹಚ್ಚುತ್ತಿದ್ದ ಎನಾಮಲ್ ಹಸಿರು ಅನೇಕ ಸಲ ಸೀಸದ ಕ್ರೋಮೇಟಿನಿಂದಾದ ಕ್ರೋಮ್ ಹಳದಿಯೂ ಪ್ರಷ್ಯನ್ ನೀಲಿಯೂ ಕೂಡಿದ್ದಾಗಿತ್ತು. ಮನೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷ ಪಾಲಿಗೆ 90 ಪಾಲನ್ನು ಮೀರಬಾರದೆಂಬ ಭಾರತ ಸರ್ಕಾರದ ನಿಯಮ ರೂಪುಗೊಂಡದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು. ಆದ್ದರಿಂದ ಅದಕ್ಕೆ ಹಿಂದಿನ ಹಸಿರು ಅಥವಾ ಹಳದಿ ಎನಾಮಲ್ ಇರುವ ಕಿಟಕಿಯನ್ನು ಹೊಸ ಬಣ್ಣಕ್ಕಾಗಿ ಒಣದಾಗಿ ಉಜ್ಜಿಸುವುದು, ಅಥವಾ ಬೆಂಕಿಯ ಜ್ವಾಲೆಯಿಂದ ಸುಟ್ಟು ಕೆರೆಸುವುದು ಮನೆಯ ಮಕ್ಕಳಿಗೂ ಉಜ್ಜುವ ಕೆಲಸಗಾರರಿಗೂ ಅಪಾಯಕರ. ನೀರಿನಿಂದ ತೇವಗೊಳಿಸಿ ಉಜ್ಜುವುದು, ಕೆಲಸಗಾರರಿಗೆ ಧೂಳು ತಡೆಯುವ ಮುಖಗವಸನ್ನು ಕೊಡುವುದು, ಬಿದ್ದ ಪುಡಿಯನ್ನು ಗುಡಿಸದೆ ಒದ್ದೆಬಟ್ಟೆಯಿಂದ ಒರೆಸಿ ತೆಗೆಯುವುದು, ಆ ದಿನಗಳಲ್ಲಿ ಮಕ್ಕಳನ್ನೂ ಬಸುರಿಯರನ್ನೂ ಬೇರೆಡೆ ಇರಿಸುವುದು ಕನಿಷ್ಠ ಎಚ್ಚರಿಕೆ. ಪೇಂಟರುಗಳು ಈ ಧೂಳನ್ನು ವರ್ಷವಿಡೀ ಉಸಿರಾಡುವವರಾದ್ದರಿಂದ ಮುಖಗವಸಿನ ಖರ್ಚನ್ನು ಮನೆಯವರೇ ವಹಿಸಿಕೊಳ್ಳುವುದು ನ್ಯಾಯ.

ಇನ್ನು ಯಾವ ಗೋಡೆ ಎಂಬ ಪ್ರಶ್ನೆ. ಉತ್ತರದ ಕಿಟಕಿಯ ಬೆಳಕು ವರ್ಷವಿಡೀ ನೇರ ಬಿಸಿಲಿಲ್ಲದೆ ಸಮನಾಗಿರುತ್ತದೆಂದು ಯುರೋಪು, ಅಮೆರಿಕಗಳ ಗೃಹಾಲಂಕಾರ ಗ್ರಂಥಗಳು ಹೇಳುತ್ತವೆ. ಕರ್ನಾಟಕ ಉತ್ತರ ಅಕ್ಷಾಂಶ ಸುಮಾರು ಹನ್ನೊಂದೂವರೆಯಿಂದ ಹದಿನೆಂಟೂವರೆ ಡಿಗ್ರಿಗಳ ನಡುವೆ, ಕರ್ಕಾಟಕ ಸಂಕ್ರಾಂತಿ ವೃತ್ತದ ಒಳಗೆ ಇರುವುದರಿಂದ ಆ ಮಾತನ್ನು ಇಲ್ಲಿಗೆ ಹಾಗೆಯೇ ಅನ್ವಯಿಸಲಾಗದು. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೂ ಆಗಸ್ಟ್ 18ರ ಸುಮಾರಿಗೂ ನಡುಹಗಲಿನ ಸೂರ್ಯ ನೆತ್ತಿಯ ಮೇಲೆ ಬಂದು ನೆಟ್ಟಗೆ ನಿಂತ ಕಂಬದ ನೆರಳು ಬುಡದಲ್ಲಿಯೇ ಅಡಗುತ್ತದೆ. ಈ ಎರಡು ದಿನಗಳ ನಡುವಿನ ಅವಧಿಯಲ್ಲಿ ಮಧ್ಯಾಹ್ನದ ಸೂರ್ಯ ಉತ್ತರದ ಕಡೆಗಿರುತ್ತಾನೆ, ಬೆಳಗು ಸಂಜೆಗಳಲ್ಲಿ ಉತ್ತರದ ಕಿಟಕಿಯಿಂದಲೇ ಓರೆಬಿಸಿಲು ಒಳಗೆ ಬರುತ್ತದೆ. ದಕ್ಷಿಣದ ಕಿಟಕಿಗೆ ಬಿಸಿಲು ಚಳಿಗಾಲದ ತಿಂಗಳುಗಳಲ್ಲಿ ಹೆಚ್ಚು. ಪಶ್ಚಿಮದ ಕೋಣೆ ಎಲ್ಲ ಕಾಲದಲ್ಲಿಯೂ ಕಠಿಣ. ಅಪರಾಹ್ನದ ಹಳದಿ ಬಿಸಿಲು ಗಿಳಿಹಸಿರಿನ ಮೇಲೆ ಬಿದ್ದಾಗ ಹಳದಿಯ ಪಾಲು ಉಬ್ಬಿ ಗೋಡೆ ಉರಿಯುವಂತೆ ಕಾಣುತ್ತದೆ, ಆದ್ದರಿಂದ ಅಲ್ಲಿ ಈ ಬಣ್ಣ ಬೇಡ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಜೂನಿನಿಂದ ಸೆಪ್ಟೆಂಬರಿನವರೆಗೆ ಮೋಡದ ಬೆಳಕು ನೀಲಿಯ ಕಡೆಗೆ ವಾಲಿದ್ದು, ಅದೇ ಗೋಡೆ ಹಸಿರಿಗೆ ಸರಿದು ತಂಪಾಗುತ್ತದೆ. ಹೊರಗೆ ತೋಟವೇ ಕಿಟಕಿಯನ್ನು ತುಂಬಿರುವ ಮನೆಯಲ್ಲಿ ಎಲೆಗಳಿಂದ ಸೋಸಿಬಂದ ಹಸಿರು ಬೆಳಕಿಗೆ ಹಸಿರು ಗೋಡೆಯೂ ಕೂಡಿದರೆ ಮನುಷ್ಯರ ಮುಖದ ಬಣ್ಣವೇ ಕೆಡುತ್ತದೆಂಬುದನ್ನು ಮರೆಯಬಾರದು.

ಒಂದೇ ಕೋಣೆಯ ನಾಲ್ಕು ಗೋಡೆಗಳೂ ಸಮಾನವಲ್ಲ. ಕಿಟಕಿಯಿರುವ ಗೋಡೆಗೆ ಆ ಕಿಟಕಿಯ ಬೆಳಕು ನೇರವಾಗಿ ಬೀಳುವುದಿಲ್ಲ; ಕಿಟಕಿಯ ಪ್ರಖರತೆಯ ಎದುರು ಅದು ಕಪ್ಪಾಗಿ ಕಾಣುತ್ತದೆ, ಅಲ್ಲಿ ಹಚ್ಚಿದ ಗಿಳಿಹಸಿರು ವ್ಯರ್ಥ. ಕಿಟಕಿಗೆ ಎದುರಾದ ಗೋಡೆ ಬೆಳಕನ್ನು ನೇರವಾಗಿ ಪಡೆದು ಹಿಂದಿರುಗಿಸುವುದರಿಂದ ಅರೆಗತ್ತಲ ಕೋಣೆಯಲ್ಲಿ ಈ ಬಣ್ಣಕ್ಕೆ ಅದೇ ಯೋಗ್ಯ ಸ್ಥಾನ. ಅದಕ್ಕಿಂತಲೂ ಚೆಲುವಾದ, ಹೆಚ್ಚು ಜನ ಯೋಚಿಸದ ಸ್ಥಳ ಕಿಟಕಿಯ ಪಕ್ಕೆಗಳು, ಎಂದರೆ ದಪ್ಪ ಗೋಡೆಯಲ್ಲಿ ಕಿಟಕಿಯ ಚೌಕಟ್ಟಿನಿಂದ ಒಳಗೋಡೆಯವರೆಗಿನ ಗೇಣುದ್ದದ ಅಂಚು. ಅಷ್ಟಕ್ಕೆ ಮಾತ್ರ ಗಿಳಿಹಸಿರನ್ನು ಹಚ್ಚಿ ಉಳಿದ ಗೋಡೆಯನ್ನು ಬಿಳಿಯಾಗಿ ಬಿಟ್ಟರೆ ಒಳಬರುವ ಬೆಳಕು ಆ ಅಂಚಿಗೆ ತಾಗಿ ತೆಳುಹಸಿರಾಗಿ ಬಿಳಿಗೋಡೆಯ ಮೇಲೆ ಹರಡುತ್ತದೆ; ಬಣ್ಣ ಕಡಿಮೆ, ಫಲ ಹೆಚ್ಚು. ಹಳೆಯ ಮನೆಗಳ ದೀಪದ ಗೂಡು, ಪುಸ್ತಕದ ಗೂಡು, ಮಹಡಿಮೆಟ್ಟಿಲ ತಿರುವು, ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬಚ್ಚಲಿಗೂ ಅಡುಗೆಮನೆಗೂ ಗಾಳಿ ಒದಗಿಸುವ ಇಕ್ಕಟ್ಟಾದ ಡಕ್ಟ್ ಇವೂ ಇಂಥ ಸ್ಥಳಗಳೇ.

ಬೇಡದ ಸ್ಥಳಗಳೂ ಇವೆ. ಕನ್ನಡಿಯ ಎದುರಿನ ಗೋಡೆ ಮುಖದ ಮೇಲೆ ಹಸಿರು ಬೆಳಕನ್ನು ಎಸೆಯುತ್ತದೆ. ಕಾಯಿಲೆಯವರು ಮಲಗುವ ಕೋಣೆಯಲ್ಲಿ ನೋಡಲು ಬಂದವರಿಗೆ ರೋಗಿ ಇನ್ನಷ್ಟು ಕಳೆಗುಂದಿದಂತೆ ತೋರುತ್ತದೆ. ಊಟದ ಮೇಜಿನ ಹತ್ತಿರ ಅನ್ನ ಸಾರುಗಳ ಬಣ್ಣ ಬಾಡುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ವಯಸ್ಸಾದವರ ಕೋಣೆಯಲ್ಲಿ ಅದು ನಿಜವಾಗಿ ಉಪಕಾರಿ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತ ನೀಲಿಯ ಬೆಳಕನ್ನು ತಡೆಯುತ್ತದೆ, ಆದರೆ ಹಳದಿಹಸಿರು ಅದನ್ನು ದಾಟಿ ಒಳಹೋಗುತ್ತದೆ. ಬಿಳಿ ಗೋಡೆಯ ಮೇಲಿನ ಬಿಳಿ ಸ್ವಿಚ್ಚು, ಬಿಳಿ ಬಚ್ಚಲಿನ ಬಿಳಿ ಹಿಡಿಕೆ ಮುದುಕರ ಕಣ್ಣಿಗೆ ಒಂದಾಗಿಬಿಡುತ್ತವೆ. ಅವುಗಳ ಹಿಂದೆ ಒಂದು ಪಟ್ಟೆ ಗಿಳಿಹಸಿರು ಇದ್ದರೆ ತಡಕಾಡುವುದು ತಪ್ಪುತ್ತದೆ, ಬೀಳುವುದೂ ತಪ್ಪಬಹುದು. ಮನೆಯ ಅಲಂಕಾರವೆಂದರೆ ಅತಿಥಿಗಳು ನೋಡುವ ಪಡಸಾಲೆಯೆಂದು ಭಾವಿಸುವವರು ಈ ಪಟ್ಟೆಯನ್ನು ಲೆಕ್ಕಿಸುವುದಿಲ್ಲ, ಲೆಕ್ಕಿಸಬೇಕು.

ಇರುಳಿನ ದೀಪದ ವಿಷಯವನ್ನು ಬೇರೆಯಾಗಿ ಪರಿಶೀಲಿಸಬೇಕು. ಇಂದು ಮನೆಗಳಲ್ಲಿರುವ ಎಲ್‌ಇಡಿ ದೀಪ ಸಾಮಾನ್ಯವಾಗಿ ಒಂದು ನೀಲಿ ಅರೆವಾಹಕವೂ ಅದರ ಮೇಲಿನ ಹಳದಿ ಲೇಪವೂ ಸೇರಿ ಬಿಳಿಯೆನಿಸುವ ಬೆಳಕನ್ನು ಕೊಡುವ ಸಾಧನ. ಆ ಲೇಪದ ಬೆಳಕು ಹಳದಿಹಸಿರಿನ ಪ್ರದೇಶದಲ್ಲಿ ಸಮೃದ್ಧ, ಗಾಢ ಕೆಂಪಿನಲ್ಲಿ ಬಡ. ಹೀಗಾಗಿ 6500 ಕೆಲ್ವಿನ್ ಎಂದು ಗುರುತಿಸಿದ ಅಗ್ಗದ ಬಲ್ಬಿನ ಕೆಳಗೆ ಗಿಳಿಹಸಿರು ಗೋಡೆ ಮಿತಿಮೀರಿ ಎದ್ದುಕಾಣುತ್ತದೆ, ಎದುರಿಗಿರುವವರ ಚರ್ಮದ ಕೆಂಪು ಮಾಯವಾಗುತ್ತದೆ. ಕೆಲ್ವಿನ್ ಎಂಬುದು ಇಲ್ಲಿ ಬೆಳಕಿನ ಬಣ್ಣವನ್ನು ತಿಳಿಸುವ ಅಂಕಿ. ಅದು ಚಿಕ್ಕದಾದಷ್ಟೂ ಬೆಳಕು ಹಳೆಯ ತಂತಿಬಲ್ಬಿನ ಕಡೆಗೆ, ಕೆಂಪುಹಳದಿಯ ಕಡೆಗೆ ವಾಲುತ್ತದೆ. 2700 ಅಥವಾ 3000 ಕೆಲ್ವಿನ್ನಿನ, ವರ್ಣಗಳನ್ನು ನಿಷ್ಠೆಯಿಂದ ತೋರಿಸುವ ಶಕ್ತಿಯ ಅಂಕಿ ಎನಿಸಿದ ಸಿಆರ್‌ಐ 90ಕ್ಕೆ ಹತ್ತಿರವಿರುವ ದೀಪವನ್ನು ಆರಿಸಿದರೆ ಅದೇ ಗೋಡೆ ಮಾವಿನ ಹಣ್ಣಿನ ಕಡೆಗೆ ಸರಿದು ಹಿತವಾಗುತ್ತದೆ.

ಶೇಡ್ ಕಾರ್ಡಿನ ಬೆರಳಗಲದ ಚೌಕವನ್ನು ನೋಡಿ ಈ ಬಣ್ಣವನ್ನು ನಿರ್ಧರಿಸುವವರು ಬಹುತೇಕ ಒಂದೇ ಬಗೆಯ ನಿರಾಶೆಗೆ ಒಳಗಾಗುತ್ತಾರೆ. ಗೋಡೆಯ ಮೇಲೆ ಅದು ನಿರೀಕ್ಷಿಸಿದ್ದಕ್ಕಿಂತ ಬಲು ತೀವ್ರವಾಗಿರುತ್ತದೆ. ಎದುರುಬದುರಾದ ಗೋಡೆಗಳು ಒಂದರ ಬೆಳಕನ್ನು ಇನ್ನೊಂದರ ಮೇಲೆ ಚೆಲ್ಲುತ್ತವೆ, ಪ್ರತಿಸಲ ತಾಗಿದಾಗಲೂ ಹಳದಿಹಸಿರಲ್ಲದ ತರಂಗಗಳು ಇನ್ನಷ್ಟು ಹೀರಲ್ಪಡುತ್ತವೆ, ಉಳಿದ ಬೆಳಕು ಇನ್ನಷ್ಟು ಶುದ್ಧ ಹಸಿರಾಗುತ್ತದೆ. ಮೂಲೆಗಳಲ್ಲಿ ಇದು ಎದ್ದುಕಾಣುತ್ತದೆ. ಆದುದರಿಂದ ಕಾರ್ಡಿನಲ್ಲಿ ಮೆಚ್ಚಿದ್ದಕ್ಕಿಂತ ಒಂದೆರಡು ಮೆಟ್ಟಿಲು ತಿಳಿಯಾದುದನ್ನು ಆರಿಸುವುದು, ಚಿಕ್ಕ ಡಬ್ಬಿಯೊಂದನ್ನು ತಂದು ಎರಡಡಿ ಅಗಲದ ರಟ್ಟಿನ ಮೇಲೆ ಎರಡು ಕೋಟು ಹಚ್ಚಿ ಒಣಗಿಸಿ, ಆ ರಟ್ಟನ್ನು ಗೋಡೆಯಿಂದ ಗೋಡೆಗೆ ಸರಿಸುತ್ತ ಬೆಳಗಿನಲ್ಲಿ, ನಡುಹಗಲಿನಲ್ಲಿ, ದೀಪ ಹಚ್ಚಿದ ಮೇಲೆ ನೋಡುವುದು ಹೆಚ್ಚು ಖರ್ಚಿಲ್ಲದ ರಕ್ಷೆ.

ಜೊತೆಯ ಬಣ್ಣಗಳ ಪ್ರಶ್ನೆಗೆ ಫ್ರಾನ್ಸಿನ ರಸಾಯನವಿಜ್ಞಾನಿ ಮಿಶೆಲ್ ಶೆವ್ರೋಲ್‌ನ ಶೋಧನೆ ಇಂದಿಗೂ ಆಧಾರ. ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆಯ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥನಾಗಿದ್ದ ಅವನು, ನೂಲಿನ ಬಣ್ಣ ಮಂಕಾಗಿದೆಯೆಂಬ ದೂರಿಗೆ ಕಾರಣ ಬಣ್ಣದಲ್ಲಲ್ಲ, ಪಕ್ಕದ ನೂಲಿನಲ್ಲಿದೆಯೆಂದು ಕಂಡು, 1839ರಲ್ಲಿ ಏಕಕಾಲಿಕ ವೈದೃಶ್ಯದ ನಿಯಮವನ್ನು ಪ್ರಕಟಿಸಿದನು. ಎರಡು ಬಣ್ಣಗಳು ಪಕ್ಕಪಕ್ಕದಲ್ಲಿದ್ದಾಗ ಪ್ರತಿಯೊಂದೂ ಇನ್ನೊಂದನ್ನು ತನ್ನ ವಿರುದ್ಧ ವರ್ಣದ ಕಡೆಗೆ ತಳ್ಳುತ್ತದೆಂಬುದು ಅದರ ಸಾರ. ಹಳದಿಹಸಿರಿನ ವಿರುದ್ಧ ವರ್ಣ ನೇರಳೆ. ಆದ್ದರಿಂದ ಗಿಳಿಹಸಿರು ಗೋಡೆಯ ಪಕ್ಕದ ಬೂದುಬಣ್ಣದ ಪರದೆ ತಾನಾಗಿ ನಸುನೇರಳೆಯಾಗಿ ಕಾಣುತ್ತದೆ, ನೀಲಿಛಾಯೆಯ ಬಿಳಿ ಚಾವಣಿ ಕೊಳೆಯಾದಂತೆ ತೋರುತ್ತದೆ. ಚಾವಣಿಗೆ ಹಳದಿಯ ಸೋಂಕಿರುವ ಬಿಳಿಯೇ ಒಗ್ಗುತ್ತದೆ. ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ, 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹೆಸರಾದ ಹೆಂಚು, ಕೆಮ್ಮಣ್ಣು ಸಾರಿಸಿದ ಜಗುಲಿ ಇವುಗಳ ಮಂದವಾದ ಕೆಂಪು ಗಿಳಿಹಸಿರಿಗೆ ಎದುರಾಗಿ ನಿಂತರೂ ಅದನ್ನು ಹದ್ದಿನಲ್ಲಿಡುತ್ತದೆ, ಏಕೆಂದರೆ ಅವುಗಳ ತೀವ್ರತೆ ಕಡಿಮೆ, ತಿಳಿವೂ ಕಡಿಮೆ. ಹೊಳೆಯುವ ಕೆನೆಬಣ್ಣದ ವಿಟ್ರಿಫೈಡ್ ಟೈಲ್ಸ್ ಮಾತ್ರ ಗೋಡೆಯನ್ನು ಪ್ರತಿಫಲಿಸಿ ನೆಲವನ್ನೂ ಹಸಿರುಮಾಡುತ್ತದೆ. ಅಲ್ಲಿ ಒಂದು ದೊಡ್ಡ ಚಾಪೆ ಅಥವಾ ಜಮಖಾನ ಬೇಕಾಗುತ್ತದೆ. ಪ್ರಮಾಣದ ವಿಷಯದಲ್ಲಿ ಇಳಕಲ್ಲಿನ ನೇಕಾರರು ಯಾವ ಗ್ರಂಥಕ್ಕಿಂತಲೂ ದೊಡ್ಡ ಗುರುಗಳು: ದಾಳಿಂಬೆಯ ಕೆಂಪು, ಗಿಳಿಹಸಿರು, ನವಿಲುಹಸಿರು ಅವರ ಮಗ್ಗದ ಪರಂಪರೆಯ ಬಣ್ಣಗಳಾಗಿದ್ದು, ಒಡಲಿಗೂ ಅಂಚಿಗೂ ಎಂದೂ ಸಮಪಾಲು ಹಂಚುವುದಿಲ್ಲ, ಒಂದು ವಿಸ್ತಾರವಾಗಿ ಹರಡಿದರೆ ಮತ್ತೊಂದು ಅದನ್ನು ಅಂಚಿನಲ್ಲಿ ಬಿಗಿದು ಹಿಡಿಯುತ್ತದೆ.

ಹಚ್ಚುವ ಕೆಲಸದಲ್ಲಿ ಈ ಬಣ್ಣಕ್ಕೆ ವಿಶೇಷವಾದ ಎರಡು ತೊಡಕುಗಳಿವೆ. ಬಿಳಿಯ ಪಾಲು ಕಡಿಮೆಯಿರುವ ಬೇಸ್‌ನಿಂದ ತಯಾರಾಗುವುದರಿಂದಲೂ ಸಾವಯವ ಹಳದಿ ಪಾರದರ್ಶಕ ಸ್ವಭಾವದ್ದಾದುದರಿಂದಲೂ ಕೆಳಗಿನದನ್ನು ಮುಚ್ಚುವ ಶಕ್ತಿ ಇದಕ್ಕೆ ಕಡಿಮೆ. ಪುಟ್ಟಿ ಎಳೆದು ಉಜ್ಜಿದ ಮೇಲೆ ಬಿಳಿ ಪ್ರೈಮರಿನ ಬದಲು ಅದಕ್ಕೇ ಸ್ವಲ್ಪ ಹಸಿರು ಬೆರೆಸಿ ಒಂದು ಕೋಟು ಹಚ್ಚಿದರೆ ಮೇಲೆ ಎರಡು ಕೋಟುಗಳಲ್ಲಿ ಕೆಲಸ ಮುಗಿದೀತು, ಇಲ್ಲವಾದರೆ ಮೂರನೆಯದೂ ಬೇಕಾಗಿ ರೋಲರಿನ ಗುರುತುಗಳು ಉಳಿಯುತ್ತವೆ. ಎರಡನೆಯದಾಗಿ, ಬಿಸಿಲಿಗೆ ಅದರ ಹಳದಿ ಹಸಿರಿಗಿಂತ ಮೊದಲು ಮಾಸುತ್ತದೆ, ಹೊರಗೋಡೆಯ ಗಿಳಿಹಸಿರು ಕೆಲವು ವರ್ಷಗಳಲ್ಲಿ ನೀಲಿಹಸಿರಿಗೆ ತಿರುಗುವುದು ಇದರಿಂದಲೇ. ಹೊರಗೆ ಹಚ್ಚಲೇಬೇಕೆಂದರೆ ಬಿಸ್ಮತ್ ವನಡೇಟಿನಂಥ ಖನಿಜ ಹಳದಿ ಇರುವ ಬಣ್ಣವನ್ನು ಅಂಗಡಿಯವರಿಂದ ಕೇಳಿ ಪಡೆಯಬೇಕು. ಒಳಗೋಡೆಗೆ ಹೊಳಪಿಲ್ಲದ ಮ್ಯಾಟ್ ಎಮಲ್ಷನ್ನೇ ಲೇಸು, ಹೊಳಪಿನ ಬಣ್ಣದಲ್ಲಿ ಗಾರೆಯ ಏರುತಗ್ಗುಗಳೆಲ್ಲ ಎದ್ದುಬರುತ್ತವೆ. ಹೊಸ ಗಾರೆಯಲ್ಲಿ ಕ್ಷಾರವೂ ತೇವವೂ ಇಳಿಯುವವರೆಗೆ ತಿಂಗಳುಗಟ್ಟಲೆ ಕಾಯುವುದು, ಮಳೆಗಾಲ ಕಳೆದು ಗೋಡೆ ಒಳಗಿನಿಂದ ಒಣಗಿರುವ ಜನವರಿಯಿಂದ ಮಾರ್ಚಿನವರೆಗಿನ ಅವಧಿಯಲ್ಲಿ ಕೆಲಸ ಹಿಡಿಯುವುದು, ಇಡೀ ಗೋಡೆಗೆ ಬೇಕಾಗುವಷ್ಟು ಬಣ್ಣವನ್ನು ಒಂದೇ ಸಲ ಕಲಸಿಸುವುದು ಅಗತ್ಯ. ಎರಡನೆಯ ಸಲ ಯಂತ್ರದಿಂದ ಬಂದ ಡಬ್ಬಿ ಅದೇ ಸಂಖ್ಯೆಯದಾದರೂ ಈ ವರ್ಣದಲ್ಲಿ ಕಣ್ಣು ಅತಿ ಸಣ್ಣ ವ್ಯತ್ಯಾಸವನ್ನೂ ಹಿಡಿಯುತ್ತದೆ. ಡಬ್ಬಿಯ ಮೇಲಿನ ಸಂಖ್ಯೆಯನ್ನು ಬರೆದಿಟ್ಟುಕೊಂಡು ಉಳಿದ ಬಣ್ಣವನ್ನು ಬಿಗಿಯಾಗಿ ಮುಚ್ಚಿಟ್ಟರೆ ಮುಂದೆ ಮೊಳೆ ಹೊಡೆದ ಗುರುತಿಗೋ ಮಕ್ಕಳ ಗೀಚಿಗೋ ಅದು ಒದಗುತ್ತದೆ. ಗುರುತು ದೊಡ್ಡದಾಗಿದ್ದರೆ ತೇಪೆ ಹಚ್ಚದೆ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಆ ಗೋಡೆಯನ್ನೇ ಪೂರ್ತಿಯಾಗಿ ಮತ್ತೆ ಬಳಿಸಬೇಕು.